ಹಳ್ಳ ದಾಟಿಸುವವನನ್ನು ದಯವಿಟ್ಟು ಲೇವಡಿ ಮಾಡಿ

‘ಸುದ್ದಿ ಗೊಜ್ಜು’ ಎಂಬ ಹಾಸ್ಯ ಕಾರ್ಯಕ್ರಮದ ನಿರೂಪಕರೂ, ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ನಾಡಿನ ಆತ್ಮಸಾಕ್ಷಿಯೂ ಆದ ಶ್ರೀಯುತ ನವೀನ್‌ಕುಮಾರ್ ಅವರ ಸನ್ನಿಧಾನಕ್ಕೆ,

ಅನುಗೊಂಡನಹಳ್ಳಿ ಹೋಬಳಿ ಹುಣಸೆಪಾಳ್ಯದ ವಾಸಿ, ಹಾಲಿನ ಡೇರಿಯ ಮಾಜಿ ಕಾರ್ಯದರ್ಶಿ ಪಿಳ್ಳಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಬಲಗಾಲಿನ ಮಂಡಿ ಮಡಚಲು ಬಾರದ ಕಾರಣ ಈ ಸಾಷ್ಟಾಂಗವನ್ನು ನಿಂತುಕೊಂಡೇ ಮಾಡಿದ್ದೇನೆ, ಮನ್ನಿಸಬೇಕು.

ಮಾನ್ಯರೇ,

ನಾವಿಲ್ಲಿ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯಿಸುವುದು ಎಂದು ಶುರು ಮಾಡುವುದು ಪದ್ಧತಿ. ಈ ಪದ್ಧತಿಯಿಂದಲೇ ನಾನು ಕೆಟ್ಟೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.

ಬಹಿರಂಗ ಪತ್ರವಾದ್ದರಿಂದ, ಟಿ.ವಿ. ಇಲ್ಲದ ಪುಣ್ಯವಂತರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ತಮ್ಮ ಕಾರ್ಯಕ್ರಮದಲ್ಲಿ ಮೂರು ಭಾಗ. ಮೊದಲನೆಯದರಲ್ಲಿ ತಾವು ವಾರದ ಸುದ್ದಿಯನ್ನು ಹಿಡಿದು ದೊಡ್ಡವರ ಮಾನವನ್ನು ಹರಾಜು ಹಾಕುತ್ತೀರಿ. ಎರಡನೆಯದರಲ್ಲಿ ಯಾರನ್ನಾದರೂ ಸೋಫಾದ ಮೇಲೆ ಕೂರಿಸಿ ಮಾತಾಡಿಸುತ್ತೀರಿ. ಮೂರನೆಯದು ‘ಕೊನೆಗೊಂದು ಬೆಲ್ಲದಚ್ಚು’. ನೋಡುವವರ ಕಣ್ಣಲ್ಲಿ ನೀರು ಬರಿಸುವ, ಜೀವನದಲ್ಲಿ ಭರವಸೆ ಮೂಡಿಸುವ ಒಬ್ಬ ಬಡಪಾಯಿಯ ಕಥೆ. ಕಳೆದ ತಿಂಗಳ ಬೆಲ್ಲದಚ್ಚು ನಾನು.

ನಮ್ಮ ಊರಿಗೂ ಶಾಲೆಗೂ ನಡುವೆ ಒಂದು ಹಳ್ಳವಿದೆ, ಹಳ್ಳದ ಮೇಲೆ ಒಂದು ಮೋರಿ ಇತ್ತು, ಎರಡು ವರ್ಷದ ಹಿಂದಿನ ಮಳೆಯಲ್ಲಿ ಅದು ಕೊಚ್ಚಿಹೋಯಿತು. ಸುತ್ತಿ ಬರೋಣವೆಂದರೆ ಲಾರಿಗಳು ನುಗ್ಗುವ ಹೆದ್ದಾರಿಯಲ್ಲಿ ಐದು ಕಿಲೋಮೀಟರು. ಮಕ್ಕಳನ್ನು ಅಲ್ಲಿ ಬಿಡಲು ಯಾವ ತಾಯಿಗೂ ಧೈರ್ಯವಿಲ್ಲ. ಆದಕಾರಣ ನನ್ನ ಮೊಮ್ಮಗಳು ಸಿಂಚನ, ಎದುರುಮನೆಯ ಎರಡನೇ ಕ್ಲಾಸಿನ ಹರ್ಷಿತ, ಇನ್ನೂ ಐದು ಮಕ್ಕಳು, ಒಟ್ಟು ಏಳು ಜನರನ್ನು ನಾನು ಒಬ್ಬೊಬ್ಬರಂತೆ ಹೆಗಲ ಮೇಲೆ ಕೂರಿಸಿಕೊಂಡು, ಕೊಳಚೆಯ ನೊರೆ ತುಂಬಿದ ನೀರಿನಲ್ಲಿ ಬೆಳಿಗ್ಗೆ ಆ ಕಡೆಗೂ ಸಂಜೆ ಈ ಕಡೆಗೂ ದಾಟಿಸುತ್ತಿದ್ದೇನೆ. ಇದು ಸೇವೆಯಲ್ಲ ಸ್ವಾಮಿ, ಬೇರೆ ದಾರಿಯಿಲ್ಲ.

ಹೀಗಿರಲು ತಮ್ಮ ಕಚೇರಿಯ ಕೀರ್ತನ ಎಂಬ ಹೆಣ್ಣುಮಗಳು ಕ್ಯಾಮೆರಾ ಸಮೇತ ನಮ್ಮೂರಿಗೆ ದಯಮಾಡಿಸಿದರು. ನಮ್ಮ ಕಡೆ ಮನೆಗೆ ಬಂದವರ ಮುಂದೆ ಕಷ್ಟ ತೋಡಿಕೊಂಡು ಕೂರುವುದು ಮರ್ಯಾದೆಯಲ್ಲ. ಮದುವೆಗೆಂದು ಎತ್ತಿಟ್ಟಿದ್ದ ಬಿಳಿ ಷರಟು ಹಾಕಿಕೊಂಡೆ. ನನ್ನ ಹೆಂಡತಿ ಮುನಿಗಂಗಮ್ಮ ಮಜ್ಜಿಗೆ ಕೊಟ್ಟಳು. “ಹೇಗಿದೀರಾ ಸಾರ್, ಕಷ್ಟ ಅನ್ಸಲ್ವಾ?” ಎಂದು ಆ ಹೆಣ್ಣುಮಗಳು ಕೇಳಿದಾಗ, ಯಾರು ಕೇಳಿದರೂ ಹೇಳುವ ಮಾತನ್ನೇ ಹೇಳಿದೆ: “ಏನೂ ತೊಂದ್ರೆ ಇಲ್ಲ ಕಣಮ್ಮ, ದೇವ್ರು ಚೆನ್ನಾಗಿಟ್ಟವ್ನೆ.”

ಅಸಲಿ ಮಾತು ಬರುವುದು ನೆಂಟರು ಎದ್ದು ಹೊರಟಾಗ. ಇದು ನಮ್ಮ ಮೂರು ತಲೆಮಾರಿನ ವಾಡಿಕೆ. ಹೆಣ್ಣು ಕೇಳುವುದು, ಆಸ್ತಿಯಲ್ಲಿ ಭಾಗ ಕೇಳುವುದು, ಜಗಳ ತೆಗೆಯುವುದು, ಎಲ್ಲವೂ ಚಪ್ಪಲಿ ಮೆಟ್ಟಿದ ಮೇಲೆಯೇ. ಅದರಂತೆ ನಾನೂ ತಮ್ಮವರ ಕಾರಿನ ಹತ್ತಿರ ಹೋಗಿ, ಡಿಕ್ಕಿಗೆ ಒಂದು ಚೀಲ ಅವರೆಕಾಯಿ ಇಟ್ಟು, ಬಾಗಿಲು ಹಿಡಿದುಕೊಂಡು ಮುಕ್ಕಾಲು ಗಂಟೆ ಮಾತಾಡಿದೆ. ಮೋರಿಯ ಅರ್ಜಿಗೆ ಹನ್ನೊಂದು ನೆನಪೋಲೆ ಬರೆದದ್ದು, ಎಂಜಿನಿಯರು ಮೂರು ಸಲ ಟೇಪು ಹಿಡಿದು ಅಳೆದದ್ದು, ಅಳೆದಷ್ಟು ಸಲವೂ ಹಳ್ಳದ ಅಗಲ ಬೇರೆ ಬೇರೆ ಬಂದದ್ದು, ಇನ್ನು ಹೊರಬೇಡ ಎಂದು ಡಾಕ್ಟರು ಮಂಡಿ ತಟ್ಟಿ ಹೇಳಿದ್ದು, ಒಂದೂ ಬಿಡಲಿಲ್ಲ. ನಾನು ಇಷ್ಟು ಚೆನ್ನಾಗಿ ಮಾತಾಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಆಗ ಕ್ಯಾಮೆರಾ ಅದರ ಪೆಟ್ಟಿಗೆಯಲ್ಲಿ ಮಲಗಿತ್ತು, ಪೆಟ್ಟಿಗೆ ಅವರೆಕಾಯಿಯ ಪಕ್ಕದಲ್ಲಿತ್ತು.

ಕಾರ್ಯಕ್ರಮ ಪ್ರಸಾರವಾದ ದಿನ ಊರೆಲ್ಲಾ ನಮ್ಮ ಹಜಾರದಲ್ಲಿ ಸೇರಿತ್ತು. ತಮ್ಮ ಕುಶಲತೆಗೆ ಏನೆನ್ನಲಿ! ಹಳ್ಳದ ಕೊಳಕು ನೊರೆ ದೇವಲೋಕದ ಮೋಡದಂತೆ ಕಾಣುತ್ತಿತ್ತು. ನಾನು ಅದರೊಳಗೆ ನಿಧಾನವಾಗಿ ತೇಲಿ ಬರುತ್ತಿದ್ದೆ. ನಡುನೀರಿನಲ್ಲಿ ನನ್ನ ಮಂಡಿ ಲಟಕ್ಕೆಂದ ಸದ್ದನ್ನು ತೆಗೆದು ಆ ಜಾಗದಲ್ಲಿ ಕೊಳಲು ಹಾಕಿದ್ದೀರಿ. ಹಲ್ಲು ಕಚ್ಚಿ ನೋವು ತಡೆದುಕೊಂಡದ್ದನ್ನು ಮಂದಹಾಸವೆಂದು ಕರೆದಿದ್ದೀರಿ. ಕೊನೆಯಲ್ಲಿ ತಾವು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಮೋರಿ ಇಲ್ಲದಿದ್ದರೇನು, ಪಿಳ್ಳಪ್ಪ ಇದ್ದಾರೆ” ಎಂದಿರಿ. ನಮ್ಮ ಹಜಾರದಲ್ಲಿ ಎಲ್ಲರೂ ಅತ್ತರು. ನಾನೂ ಅತ್ತೆ, ಬೇರೆ ಕಾರಣಕ್ಕೆ.

ಅದೇ ದಿನದ ಮೊದಲ ಭಾಗದಲ್ಲಿ ತಾವು ಇನ್ಯಾವುದೋ ಊರಿನ ನಡುರಸ್ತೆಯಲ್ಲಿದ್ದ ಲೈಟುಕಂಬವನ್ನು ಲೇವಡಿ ಮಾಡಿದ್ದಿರಿ. ಕಂಬಕ್ಕೆ ಟೋಪಿ ಹಾಕಿಸಿ, ಅದು ಟ್ರಾಫಿಕ್ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದೆ ಎಂದಿರಿ. ಗುರುವಾರದೊಳಗೆ ಆ ಕಂಬ ರಸ್ತೆ ಪಕ್ಕಕ್ಕೆ ಹೋಯಿತು. ನಮ್ಮ ಮೋರಿಯ ಕಡತವೂ ಅದೇ ಗುರುವಾರ ಚಲಿಸಿತು. ಮೇಜಿನ ಮೇಲಿಂದ ಬೀರುವಿನೊಳಕ್ಕೆ.

ಶುಕ್ರವಾರ ಎಂಜಿನಿಯರ್ ಸಾಹೇಬರು ಮೊದಲ ಬಾರಿಗೆ ಟೇಪಿಲ್ಲದೆ ಬಂದರು. ಶಾಲು, ಹಾರ, ಪೇಟ ತಂದಿದ್ದರು. “ನಿಮ್ಮಂಥೋರು ಇರೋವಾಗ ಮೋರಿ ಯಾಕ್ರೀ ಬೇಕು ಪಿಳ್ಳಪ್ಪನೋರೇ, ಮೋರಿ ಕಟ್ಟಿದ್ರೆ ಜನಕ್ಕೆ ಸ್ಫೂರ್ತಿ ಎಲ್ಲಿಂದ ಬರುತ್ತೆ?” ಎಂದು ಭಾವುಕರಾದರು. ಹಳ್ಳದ ದಡದಲ್ಲಿ ‘ಸ್ಫೂರ್ತಿ ತಾಣ’ ಎಂದು ಒಂದು ಬೋರ್ಡು ನೆಡಿಸಿದರು. ಅದು ಗಾಳಿಗೆ ಬೀಳಬಾರದೆಂದು ಬುಡಕ್ಕೆ ಸುರಿದ ಕಾಂಕ್ರೀಟಿನಲ್ಲಿ ಅರ್ಧ ಮೋರಿ ಎದ್ದು ನಿಲ್ಲುತ್ತಿತ್ತು ಎಂದು ನಮ್ಮೂರ ಗಾರೆ ಕೆಲಸದ ವೆಂಕಟರಾಮಪ್ಪ ಲೆಕ್ಕ ಹಾಕಿ ಹೇಳಿದ.

ಅಲ್ಲಿಂದ ಮುಂದೆ ನನಗೆ ಬಿಡುವಿಲ್ಲ. ಪಿಲ್ಲಗುಂಪೆ ಕಡೆಯ ಒಂದು ಕಾರ್ಖಾನೆಯವರು ನಾಯಕತ್ವ ತರಬೇತಿಗೆಂದು ಒಂದು ಬಸ್ಸು ನೌಕರರನ್ನು ಕರೆತಂದರು. ಬಸ್ಸು ಆ ದಡದಲ್ಲೇ ನಿಂತಿತು, ಕಾರಣ ಮೋರಿ ಇಲ್ಲ. ಅವರ ಮ್ಯಾನೇಜರು ಎಂಬತ್ತಾರು ಕಿಲೋ ತೂಗುವ ಸಜ್ಜನರು. ಅನುಭವ ಪೂರ್ತಿಯಾಗಿ ಆಗಲಿ ಎಂದು ನನ್ನ ಹೆಗಲ ಮೇಲೆ ಹತ್ತಿಯೇ ಬಿಟ್ಟರು. ಆಮೇಲೆ ಒಂದು ಕಾಲೇಜಿನವರು ನನ್ನನ್ನು ವೇದಿಕೆಯ ಮೇಲೆ ಕೂರಿಸಿ “ನಿಮ್ಮ ಯಶಸ್ಸಿನ ಗುಟ್ಟೇನು?” ಎಂದರು. ಮೋರಿ ಇಲ್ಲದಿರುವುದು ಎಂದೆ. ಐದು ನಿಮಿಷ ಚಪ್ಪಾಳೆ ಬಿತ್ತು. ಮದುವೆ ಗೊತ್ತಾದ ಜೋಡಿಗಳೂ ಫೋಟೋಗೆ ಬರತೊಡಗಿವೆ. ಗಂಡು ಹೆಣ್ಣನ್ನು ಎತ್ತಿಕೊಂಡು ನೊರೆಯಲ್ಲಿ ನಿಲ್ಲುತ್ತಾನೆ, ಮಕ್ಕಳು ಶಾಲೆಗೆ ತಡವಾದರೂ ದಡದಲ್ಲಿ ಕಾಯುತ್ತಾರೆ.

ಕಳೆದ ಬುಧವಾರ ಹರ್ಷಿತ ನನ್ನ ಹೆಗಲ ಮೇಲಿದ್ದಾಗ ಮಂಡಿ ಕೈಕೊಟ್ಟಿತು. ಇಬ್ಬರೂ ಬಿದ್ದೆವು. ಮಗು ಒಂದು ಗಳಿಗೆ ನೊರೆಯೊಳಗೆ ಕಾಣದಂತಾಯಿತು, ನನ್ನ ಕೈಗೆ ಮೊದಲು ಸಿಕ್ಕಿದ್ದು ಅವಳ ಬ್ಯಾಗಿನ ಪಟ್ಟಿ. ಎಳೆದುಕೊಂಡೆ. ಅವಳು ಕೆಮ್ಮಿ, ಆಮೇಲೆ ನಕ್ಕಳು. ದಡದಲ್ಲಿ ಮೊಬೈಲು ಹಿಡಿದಿದ್ದವನೊಬ್ಬ, “ಸೂಪರ್ ತಾತ, ಇನ್ನೊಂದ್ಸಲ ಮಾಡಿ, ಸರಿಯಾಗ್ ಬರ್ಲಿಲ್ಲ” ಎಂದು ಕೂಗಿದ. ಮಾನ್ಯರೇ, ಅಂದಿನಿಂದ ನನಗೆ ಭಯ. ಹೆಗಲ ಮೇಲೆ ಮಗು ಕೂತ ತಕ್ಷಣ ಮೊದಲು ಅದರ ಬ್ಯಾಗಿನ ಪಟ್ಟಿ ಹಿಡಿದುಕೊಳ್ಳುತ್ತೇನೆ. ಇದನ್ನು ಈ ಸಲ ಚಪ್ಪಲಿ ಮೆಟ್ಟುವ ಮೊದಲೇ ಹೇಳುತ್ತಿದ್ದೇನೆ.

ಆದಕಾರಣ ತಮ್ಮಲ್ಲಿ ನನ್ನ ಕಳಕಳಿಯ ಪ್ರಾರ್ಥನೆ: ನನ್ನನ್ನು ಮೂರನೇ ಭಾಗದಿಂದ ಮೊದಲನೇ ಭಾಗಕ್ಕೆ ವರ್ಗ ಮಾಡಬೇಕು. ನನ್ನನ್ನು ಗೇಲಿ ಮಾಡಿ. ಈ ಮುದುಕ ಸರ್ಕಾರಿ ಹಳ್ಳವನ್ನು ಒತ್ತುವರಿ ಮಾಡಿದ್ದಾನೆ ಎನ್ನಿ, ಮೋರಿ ಕೊಚ್ಚಿಕೊಂಡು ಹೋಗಲೆಂದು ಮಳೆರಾಯನಿಗೆ ಹರಕೆ ಹೊತ್ತಿದ್ದ ಎನ್ನಿ, ಲೈಸೆನ್ಸಿಲ್ಲದೆ ಪ್ರಯಾಣಿಕರನ್ನು ಸಾಗಿಸುತ್ತಾನೆ ಎನ್ನಿ. ನಾನು ಬೇಡವಾದರೆ ಹಳ್ಳವನ್ನೇ ಸೋಫಾದ ಮೇಲೆ ಕೂರಿಸಿ ಸಂದರ್ಶನ ಮಾಡಿ, ನಿನ್ನ ನಿಜವಾದ ಅಗಲ ಎಷ್ಟಪ್ಪಾ ಎಂದು ಕೇಳಿ. ಅದೂ ಆಗದಿದ್ದರೆ ತಾವೇ ಒಮ್ಮೆ ಬನ್ನಿ. ತಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ನಡುಹಳ್ಳದಲ್ಲಿ ನಿಲ್ಲುತ್ತೇನೆ. ಅಲ್ಲಿಂದಲೇ ವಾರದ ಸುದ್ದಿ ಓದಬಹುದು, ಮಂಡಿ ಒಪ್ಪಿದಷ್ಟು ಹೊತ್ತು.

ಹೊಗಳಿಕೆಯಿಂದ ನಮ್ಮನ್ನು ಪಾರು ಮಾಡಿ ಎಂದು ಬೇಡುತ್ತಾ,

ತಮ್ಮ ವಿಶ್ವಾಸಿಯೂ, ತಮ್ಮ ದಯದಿಂದ ಸ್ಫೂರ್ತಿಯೂ ಆಗಿರುವ,
ಪಿಳ್ಳಪ್ಪ

ಮರೆತ ವಿಷಯ: ಈ ಪತ್ರ ಅಂಚೆಗೆ ಹಾಕುವ ಮುನ್ನ ಇನ್ನೊಂದು ಮಾತು. ನಿನ್ನೆ ಬೆಳಿಗ್ಗೆ ನಾನು ಗಟ್ಟಿ ಮನಸ್ಸು ಮಾಡಿ, ಮಂಡಿಗೆ ಬಟ್ಟೆ ಸುತ್ತಿಕೊಂಡು, ಹೊರುವುದಿಲ್ಲ ಎಂದು ಜಗಲಿಯ ಮೇಲೆ ಕೂತುಬಿಟ್ಟೆ. ಮಕ್ಕಳು ಬ್ಯಾಗು ಹಿಡಿದು ಜಗಲಿಯ ಮುಂದೆ ಸಾಲಾಗಿ ನಿಂತವು. ಮುನಿಗಂಗಮ್ಮ ಸೀರೆ ಎತ್ತಿ ಕಟ್ಟಿ, ಹರ್ಷಿತಳನ್ನು ಹೆಗಲಿಗೇರಿಸಿಕೊಂಡು ಹಳ್ಳಕ್ಕೆ ಇಳಿದಳು. ಅವಳಿಗೆ ಅರವತ್ತೊಂದು ವರ್ಷ, ಈಜು ಬರುವುದಿಲ್ಲ. ಈ ಸಂಗತಿ ತಮ್ಮ ಮೂರನೇ ಭಾಗದವರಿಗೆ ತಿಳಿಯದಂತೆ ನೋಡಿಕೊಳ್ಳಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ.