ಮುಯ್ಯಿಗೆ ಬಡ್ಡಿ ಕೇಳಿದ ಕಂಪನಿ

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಹೋದ ವರ್ಷ ಒಳ್ಳೆಯ ಮುಹೂರ್ತ ನೋಡಿ, ಏಣಿ ಹತ್ತಿ, 'ಜೆರಾಕ್ಸ್' ಬೋರ್ಡನ್ನು ಇಳಿಸಿ 'ನಮ್ಮನೆ ಲೆಕ್ಕ ಸೊಲ್ಯೂಷನ್ಸ್' ಎಂಬ ಬೋರ್ಡನ್ನು ಏರಿಸಿದೆ. ಕೆಳಗೆ ಸಣ್ಣಕ್ಷರದಲ್ಲಿ 'ಮ್ಯಾನೇಜಿಂಗ್ ಡೈರೆಕ್ಟರ್: ಮಂಜುನಾಥ್'. ಸಣ್ಣಕ್ಷರ ಎಂದರೆ, ಓಡುವ ಬಸ್ಸಿನಲ್ಲಿ ಕೂತವರಿಗೂ ಕಾಣುವಷ್ಟು ಸಣ್ಣದು.

ಏಣಿ ಹಿಡಿದಿದ್ದವಳು ನನ್ನ ಹೆಂಡತಿ ಸರೋಜ. "ರೀ, ಆ ಪ್ರೋಗ್ರಾಮು ಪುಕ್ಕಟೆ ಸಿಗುತ್ತೆ ಅಂತೀರ. ಪುಕ್ಕಟೆದಕ್ಕೆ ಕಂಪ್ನಿ ಯಾಕೆ?" ಎಂದಳು.

ನ್ಯಾಯವಾದ ಪ್ರಶ್ನೆಯೇ. ಮನೆಯ ಜಮಾಖರ್ಚು ನೋಡಿಕೊಳ್ಳುವ ಆ ಪ್ರೋಗ್ರಾಮನ್ನು ಯಾವುದೋ ದೇಶದ ಪುಣ್ಯಾತ್ಮರು ಬರೆದು, ಯಾರು ಬೇಕಾದರೂ ಬಳಸಿ, ಬೇಕಾದ ಹಾಗೆ ತಿದ್ದಿಕೊಳ್ಳಿ ಎಂದು ಇಂಟರ್‌ನೆಟ್ಟಿನಲ್ಲಿ ಬಿಟ್ಟಿದ್ದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದ್ದೆ. ಪಕ್ಕದ ಅಂಗಡಿಯ ಟೈಲರ್ ರೆಹಮತ್ ಭಾಯ್ ಕಡೆ ಕೈ ತೋರಿಸಿ, "ಬಟ್ಟೆ ಗಿರಾಕಿದು, ಹೊಲಿಗೆ ಕೂಲಿ ಭಾಯ್ದು. ನಂದೂ ಹಂಗೇ ಕಣೆ" ಎಂದೆ.

ರೆಹಮತ್ ಭಾಯ್ ಕತ್ತರಿ ಕೆಳಗಿಟ್ಟರು. "ಸರಿ ಮಂಜಣ್ಣ. ಗಿರಾಕಿ ಎಲ್ಲವ್ನೆ?"

ಸರೋಜ ಅಲ್ಲೇ ಷರತ್ತು ಹಾಕಿದಳು. "ನನ್ ತಂಗಿ ಮದ್ವೆ ಒಳ್ಗೆ ಒಬ್ಬ ಗಿರಾಕಿ ಬಂದ್ರೆ ಈ ಬೋರ್ಡು ಇರ್ಲಿ. ಬರ್ನಿಲ್ಲ ಅಂದ್ರೆ ಇಳ್ಸ್‌ಬುಟ್ಟು ಜೆರಾಕ್ಸ್ ಬೋರ್ಡೇ ಹಾಕಿ."

ಜನವೇನೋ ಬಂದರು. ಬೋರ್ಡ್ ಓದಿದರು. "ಇಲ್ಲಿ ಜೆರಾಕ್ಸ್ ಇತ್ತಲ್ಲ?" ಎಂದು ಕೇಳಿ ಹೊರಟುಹೋದರು. ಮಿಷನ್ ಮೂಲೆಯಲ್ಲೇ ಇತ್ತು. ಆದರೆ ಮ್ಯಾನೇಜಿಂಗ್ ಡೈರೆಕ್ಟರ್ ಎದ್ದು ಜೆರಾಕ್ಸ್ ತೆಗೆದರೆ ಕಂಪನಿಯ ಘನತೆ ಏನಾಗಬೇಕು?

ಮದುವೆ ಹತ್ತಿರ ಬಂತು. ಗಿರಾಕಿ ಸೊನ್ನೆ. ಆಗ ನನ್ನ ತಲೆಗೊಂದು ಅಮೋಘ ಉಪಾಯ ಹೊಳೆಯಿತು. ನಮ್ಮ ಕಡೆ ಮದುವೆಗೆ ಬಂದವರು ಮುಯ್ಯಿ ಎಂದು ಹಣ ಹಾಕುತ್ತಾರೆ. ಅವರ ಮನೆಯ ಮದುವೆಗೆ ನಾವು ಅದನ್ನು ತಪ್ಪದೆ ತೀರಿಸುತ್ತೇವೆ. ಈ ಮುಯ್ಯಿಯನ್ನು ಪ್ರೋಗ್ರಾಮಿಗೆ ಸೇರಿಸಿದರೆ ಇಡೀ ತಾಲ್ಲೂಕೇ ಗಿರಾಕಿ! ಐ.ಡಿ.ಹಳ್ಳಿಯ ಮಾವನವರಿಂದ ಅವರು ಹಾಕಿದ ಮುಯ್ಯಿಗಳ ಪಟ್ಟಿ, ನೆಂಟರ ಫೋನ್ ನಂಬರು ಎಲ್ಲ ತರಿಸಿಕೊಂಡೆ.

ತೊಡಕು ಒಂದೇ. ಆ ಪುಣ್ಯಾತ್ಮರ ದೇಶದಲ್ಲಿ ಮುಯ್ಯಿ ಇಲ್ಲ. ಪ್ರೋಗ್ರಾಮಿನಲ್ಲಿ ಇದ್ದದ್ದು ಎರಡೇ ಕಲಂ: 'ಉಡುಗೊರೆ', 'ಸಾಲ'. ಉಡುಗೊರೆ ವಾಪಸ್ಸು ಬರುವುದಿಲ್ಲ, ಮುಯ್ಯಿ ಬರುತ್ತದೆ. ಆದ್ದರಿಂದ ನಾನು ದೀರ್ಘವಾಗಿ ಆಲೋಚಿಸಿ ಎಲ್ಲವನ್ನೂ 'ಸಾಲ'ಕ್ಕೆ ಹಾಕಿದೆ. ಕೊನೆಗೆ 'ಎಲ್ಲರಿಗೂ ನೆನಪಿಸು' ಎಂಬ ಬಟನ್ ಕಾಣಿಸಿತು. ಮದುವೆ ದಿನ ನೆನಪಿಸುತ್ತದೇನೋ ಎಂದುಕೊಂಡು ಒತ್ತಿದೆ.

ನನಗೆ ಹೆಣ್ಣು ಕೊಟ್ಟ ಮನೆಯ ಸಮಸ್ತ ಬಂಧುಬಳಗಕ್ಕೂ ಏಕಕಾಲದಲ್ಲಿ ಮೆಸೇಜು ಹೋಯಿತು: 'ಪ್ರಿಯ ಸಾಲಗಾರರೇ, ತಮ್ಮ ಬಾಕಿಯನ್ನು ಬಡ್ಡಿ ಸಮೇತ ಕೂಡಲೇ ಪಾವತಿಸತಕ್ಕದ್ದು.' ಆ ಸೊಗಸಾದ ಕನ್ನಡ ನನ್ನದೇ.

ಮೊದಲ ಫೋನು ನಿಡುಗಲ್ಲಿನಿಂದ, ಸರೋಜಳ ಚಿಕ್ಕಪ್ಪ ತಿಮ್ಮಪ್ಪನವರದು. "ಏಮಯ್ಯಾ ಅಳಿಯ, ಮುಯ್ಯಿಗೂ ಬಡ್ಡೀನಾ? ನಾನು ಸಾಲಗಾರನಾ? ಬರ್ತೀನಿ ಇರು ಮದ್ವೆಗೆ, ನಿನ್ ಮಕದ್ ಮುಂದೆ ಎಣಿಸಿ ಬಿಸಾಕ್ತೀನಿ."

ಆಮೇಲೆ ಬಂದ ಫೋನುಗಳನ್ನೆಲ್ಲ ಸರೋಜ ತೆಗೆದುಕೊಂಡಳು. ಒಂದೊಂದು ಫೋನು ಇಟ್ಟಾಗಲೂ ನನ್ನನ್ನು ಒಮ್ಮೆ ನೋಡುತ್ತಿದ್ದಳು. ನನಗೆ ನಿಜವಾಗಿಯೂ ಭಯವಾಯಿತು. "ನನ್ ತಂಗಿ ಚಪ್ಪರದಾಗೆ ಯಾರೂ ಇಲ್ಲ ಅನ್ನಂಗೆ ಆಗ್ಲಿ, ಆಮ್ಯಾಕೆ ಬೋರ್ಡ್ ಮಾತಾಡಾಣ" ಎಂದಳು.

ಪುಣ್ಯಕ್ಕೆ ಪ್ರೋಗ್ರಾಮನ್ನು ತಿದ್ದಬಹುದಿತ್ತು. ಕೂತು 'ಮುಯ್ಯಿ' ಎಂಬ ಮೂರನೆಯ ಕಲಂ ಮಾಡಿದೆ. ಬಡ್ಡಿ ಇಲ್ಲ, ಇನ್ನೊಬ್ಬರಿಗೆ ಮೆಸೇಜು ಇಲ್ಲ. ಯಾರ ಮನೆಗೆ ನಾವು ಎಷ್ಟು ತೀರಿಸಬೇಕೆಂದು ನಮಗೆ ಮಾತ್ರ ನೆನಪಿಸುತ್ತದೆ.

ಮದುವೆಯ ದಿನ ಐ.ಡಿ.ಹಳ್ಳಿಯ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತಾರು ವರ್ಷಗಳಿಂದ ಯಾವ ಮದುವೆಗೂ ಬಾರದವರೂ ಸಿಟ್ಟಿನಿಂದ ಬಂದಿದ್ದರು! ಮುಯ್ಯಿ ಬರೆಯುವವರ ಕೈ ಸೋತಿತು. ನಾನು ಲ್ಯಾಪ್‌ಟಾಪ್ ಹಿಡಿದು ಕೂತೆ. ತಿಮ್ಮಪ್ಪನವರು ನೋಟುಗಳನ್ನು ಮೇಜಿಗೆ ಕುಕ್ಕಿ, "ಬರ್ಕೊಳಯ್ಯಾ" ಎಂದರು. ಬರೆದುಕೊಂಡು ಕೈ ಮುಗಿದೆ. ಹೊಸ ಕಲಂ ತೋರಿಸಿದೆ.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ದನಿ ತಗ್ಗಿಸಿದರು. "ಅಂದ್ರೆ, ನಾನು ಯಾರ್ ಮನೇಗ್ ತೀರಿಸ್ಬೇಕು ಅಂತ ನಂಗೊಬ್ಬನಿಗೇ ಹೇಳುತ್ತಾ? ಮರ್ತು ಮರ್ಯಾದೆ ಹೋಗೈತಪ್ಪ ಒಂದ್ ಸಲ. ನಂಗೂ ಹಾಕ್ಕೊಡು. ಕೂಲಿ ಎಷ್ಟು?"

ಗಿರಾಕಿ! ತಾಳಿ ಕಟ್ಟುವ ಮೊದಲೇ ಗಿರಾಕಿ! ಸರೋಜ ದೂರದಿಂದ ನೋಡಿದಳು, ನಕ್ಕಳು. ನಾನು ಗೆದ್ದಿದ್ದೆ. ಊಟದ ಹೊತ್ತಿಗೆ ಇನ್ನೂ ಹಲವರು ಹೆಸರು ಕೊಟ್ಟರು. ಈಗ ಶಿರಾ, ಕೊರಟಗೆರೆ, ಪಾವಗಡದಿಂದಲೂ ಕರೆ ಬರುತ್ತದೆ. ರೆಹಮತ್ ಭಾಯ್ ಕೂಡ ತಮ್ಮ ಮಗನ ಮದುವೆಗೆ ಮುಯ್ಯಿ ಬರೆಯಲು ನನ್ನನ್ನೇ ಕೂರಿಸಿದರು.

ಕಂಪನಿಯ ಬೋರ್ಡು ಮಾತಿನಂತೆ ಉಳಿದಿದೆ. ಆದರೆ ಮೊನ್ನೆ ಸರೋಜ ಮತ್ತೆ ಏಣಿ ತಂದಳು. ನಮ್ಮ ಗಿರಾಕಿಗಳಿಗೆ ಕಂಪ್ಯೂಟರಿನ ಮೇಲೆ ಅಪಾರ ನಂಬಿಕೆ. ಆದರೂ ಮದುವೆ ಮುಗಿದ ಮರುದಿನ ಬಂದು, "ಎಲ್ಲಾ ಸರಿ ಕಣಣ್ಣ, ಅಣ್ತಮ್ಮಂದ್ರಿಗೆಲ್ಲ ಮುಯ್ಯಿ ಪಟ್ಟೀದು ಒಂದೊಂದು ಜೆರಾಕ್ಸ್ ಕೊಟ್ಬುಡು" ಎನ್ನುತ್ತಾರೆ. ಹಳೆಯ ಬೋರ್ಡು ಹೊಸದರ ಮೇಲೆ ಏರಿತು. ಏಣಿ ಹಿಡಿದವನು ನಾನು. ಈಗ ಸಾಲು ರಸ್ತೆಯವರೆಗೆ ಇದೆ. ಮ್ಯಾನೇಜಿಂಗ್ ಡೈರೆಕ್ಟರ್ ಮಿಷನ್‌ಗೆ ಪೇಪರ್ ತುಂಬುತ್ತಿದ್ದಾರೆ.