ಎಮ್ಮೆ ತೆಗೆದ ಫೋಟೋ

ನನಗೆ ಯಂತ್ರಗಳೆಂದರೆ ಹೆದರಿಕೆಯಿಲ್ಲ. ಮಿಕ್ಸರ್ ನಿಂತರೆ ತಲೆಗೆರಡು ಬಡಿದು ನಡೆಸುತ್ತೇನೆ. ರಿಮೋಟಿನ ಸೆಲ್ ಸತ್ತರೆ ಹಲ್ಲಿನಲ್ಲಿ ಕಚ್ಚಿ ಜೀವ ಬರಿಸುತ್ತೇನೆ. ಹೀಗಿರುವಾಗ, ನಮ್ಮೂರು ದಿಗ್ಗೇವಾಡಿಯ ದನಕರುಗಳ ಫೋಟೋ ತೆಗೆದು ಸರ್ಕಾರಕ್ಕೆ ಕಳಿಸಲು ನಮ್ಮ ಮಹಿಳಾ ಸಂಘದಿಂದ ಒಬ್ಬರು ಬೇಕು ಎಂದಾಗ, ನನ್ನ ಕೈ ನನ್ನನ್ನು ಕೇಳದೆಯೇ ಮೇಲೆದ್ದಿತು.

ಚಿಕ್ಕೋಡಿಯಲ್ಲಿ ತರಬೇತಿ ನಡೆಯಿತು. ಎಲ್ಲರ ಕೈಗೂ ಒಂದೊಂದು ಟ್ಯಾಬ್ ಕೊಟ್ಟರು. ಶಾಲೆಯ ಪಾಟಿಯಷ್ಟೇ ಗಾತ್ರ. ಆದರೆ ಒಳಗೊಂದು ಇಡೀ ಕಂಪ್ಯೂಟರು, ಬೆನ್ನಿಗೆ ಕ್ಯಾಮೆರಾ, ಕುತ್ತಿಗೆಗೆ ಹಾಕಿಕೊಳ್ಳಲು ಉದ್ದನೆಯ ಪಟ್ಟಿ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ಯಾವುದೋ ಪದಕ ಗೆದ್ದವಳಂತೆ ಕಾಣುತ್ತಿದ್ದೆ.

ತರಬೇತಿಯ ಸರ್ ಬಿಡಿಸಿ ಬಿಡಿಸಿ ಹೇಳಿದರು. "ಮೊದಲ ದನದ ವಿವರ ತುಂಬ್ರಿ, ಆಮ್ಯಾಲ ಫೋಟೋ ತಗೀರಿ. ಯಾರ ಕೈ ನಡಗತಾವ ಅವರಿಗೆ ಇಲ್ಲಿ 'ಆಟೋ' ಅಂತ ಐತಿ. ಒಮ್ಮೆ ಒತ್ತಿದ್ರ ಅದ ತಾನ ಒಂದರ ಹಿಂದ ಒಂದ ಫೋಟೋ ತಗೀತೈತಿ, ತಗದದ್ದನ್ನ ತಾನ ಆಫೀಸಿಗೆ ಕಳಸತೈತಿ. ಹುಷಾರ್ರಿ!"

"ಹುಷಾರ್ರಿ" ಎಂಬ ಒಂದು ಶಬ್ದ ಬಿಟ್ಟು ಉಳಿದದ್ದನ್ನೆಲ್ಲ ನಾನು ಬಹಳ ಗಮನವಿಟ್ಟು ಕೇಳಿದೆ.

ಮನೆಯಲ್ಲಿ ಟ್ಯಾಬ್ ನೋಡಿ ನನ್ನ ಗಂಡ ಶಿವಾನಂದ ಹುಬ್ಬು ಗಂಟಿಕ್ಕಿದರು. "ಇದಕ್ಕೇನರ ಆದ್ರ ಯಾರ ಜವಾಬ್ದಾರಿ?"

"ನಂದ ರೀ. ಸಹಿ ಮಾಡಿ ಬಂದೇನಿ."

"ಮುಗೀತು! ನನ್ನ ತಮ್ಮನ ಲಗ್ನದಾಗ ಮೊಬೈಲ್‌ಲೆ ಫೋಟೋ ತಗದಿದ್ದಿ. ಒಂದರಾಗರ ಅವನ ತಲಿ ಇತ್ತೇನು?"

"ಅಂವ ಒಂದ ಕಡೆ ನಿಂತಿದ್ರ ಬರತಿತ್ತು. ಎಮ್ಮಿ ಮದುಮಗನಂಗ ಅತ್ತಾಗ ಇತ್ತಾಗ ನೋಡೂದಿಲ್ಲ!"

ಮೊದಮೊದಲು ನನ್ನ ಮಾತೇ ನಿಜವಾಯಿತು. ಆಕಳುಗಳು ನಿಂತವು. ಎತ್ತುಗಳು ನಿಂತವು. ಒಂದು ಹೋರಿಯಂತೂ ನಾನು ಹೇಳುವ ಮೊದಲೇ ಪಕ್ಕೆ ತೋರಿಸಿ ನಿಂತಿತು. ನನ್ನ ಧೈರ್ಯ ಕಬ್ಬಿನಂತೆ ಬೆಳೆಯತೊಡಗಿತು. ಆ ಎತ್ತರದಲ್ಲಿರುವಾಗಲೇ ನಾನು ಮೆಹಬೂಬಿ ಚಾಚಿಯ ಮನೆಗೆ ಹೋದದ್ದು.

ಚಾಚಿ ನಮ್ಮ ಹಿಂದಿನ ಓಣಿಯವರು. ಅವರಿಗೆ ಒಂದೇ ಎಮ್ಮೆ, ಹೆಸರು ರಾಣಿ. ಮಿರಜದ ಸಂತೆಯಿಂದ ತಂದದ್ದು. ಫೋಟೋದ ಸುದ್ದಿ ತಿಳಿದು ಚಾಚಿ ಬೆಳಿಗ್ಗೆಯೇ ಅದರ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಕಾಲಿಗೆ ಕರಿ ದಾರ ಕಟ್ಟಿದ್ದರು.

"ದಾರ ಯಾಕ ಚಾಚಿ?"

"ಫೋಟೋ ಬೆಂಗಳೂರ ತನಕ ಹೊಕ್ಕೈತಿ ಅಂತಿ. ಅಲ್ಲಿ ಎಂಥೆಂಥಾ ಕಣ್ಣ ಇರತಾವೋ! ದೃಷ್ಟಿ ಆಗಿ ಹಾಲ ಕಮ್ಮಿ ಆದ್ರ?"

ನಾನು ಗಂಭೀರವಾಗಿ ವಿವರ ತುಂಬಲು ಕುಳಿತೆ. ಪ್ರಾಣಿ: ಎಮ್ಮೆ. ಲಿಂಗ: ಹೆಣ್ಣು. ಕೊಂಬು: ಎರಡು. ಸ್ವಭಾವ ಎಂಬ ಜಾಗ ಬಂದಾಗ ಚಾಚಿಯ ಕಡೆ ನೋಡಿದೆ.

"ಸಾಧು ಅಂತ ಬರಿ ಬೇಟಿ. ಇಂಥಾ ಸಾಧು ಪ್ರಾಣಿ ಊರಾಗ ಇನ್ನೊಂದಿಲ್ಲ."

ಬರೆದೆ. ಸಾಧು.

ಇನ್ನು ಫೋಟೋ. ಆದರೆ ರಾಣಿ ತಲೆ ಎತ್ತಲೊಲ್ಲದು. ನಾನು ಎಡಕ್ಕೆ ಹೋದರೆ ಅದು ಬಲಕ್ಕೆ, ನಾನು ಬಲಕ್ಕೆ ಹೋದರೆ ಅದು ನನ್ನ ಕಡೆ ಬಾಲ ಮಾಡುತ್ತಿತ್ತು. ಇದಕ್ಕೆ ಆಟೋವೇ ಸರಿ, ಹತ್ತು ತೆಗೆದರೆ ಒಂದಾದರೂ ಚೆನ್ನಾಗಿ ಬಂದೀತು ಎಂದು ಆಟೋ ಒತ್ತಿದೆ. ಕೊಟ್ಟಿಗೆಯಲ್ಲಿ ಕತ್ತಲೆಯಿತ್ತಲ್ಲ, ಟ್ಯಾಬಿನ ದೀಪ ಫಳ್ಳನೆ ಹೊಡೆಯಿತು!

ಸಾಧು ಪ್ರಾಣಿ ಒಂದೇ ಜಗ್ಗಿಗೆ ಗೂಟ ಕಿತ್ತಿತು. ತಲೆ ಬೀಸಿದ ರಭಸಕ್ಕೆ ಅದರ ಕೊಂಬು ನನ್ನ ಕುತ್ತಿಗೆಯ ಪಟ್ಟಿಯೊಳಗೆ ಸಿಕ್ಕಿತು. ನಾನು ಸಮಯಪ್ರಜ್ಞೆ ಮೆರೆದು ತಲೆ ತಗ್ಗಿಸಿ ಹೊರಬಿದ್ದೆ. ಇಲ್ಲದಿದ್ದರೆ ಅದರ ಜೊತೆಗೇ ಹೊರಡಬೇಕಾಗಿತ್ತು. ಹೀಗೆ ಸರ್ಕಾರಿ ಟ್ಯಾಬು ನನ್ನ ಕುತ್ತಿಗೆಯಿಂದ ಎಮ್ಮೆಯ ಕುತ್ತಿಗೆಗೆ ಅಧಿಕೃತವಾಗಿ ಹಸ್ತಾಂತರಗೊಂಡಿತು.

ರಾಣಿ ಅಂಗಳ ದಾಟಿ, ಓಣಿ ದಾಟಿ, ಹೊಳೆಯ ದಾರಿ ಹಿಡಿಯಿತು. ಟ್ಯಾಬು ಅದರ ಬೆನ್ನ ಮೇಲೆ ಕುಣಿಯುತ್ತಿತ್ತು. ಸೀರೆ ಎತ್ತಿ ಕಟ್ಟಿ, ಕಿತ್ತುಹೋದ ಒಂದು ಚಪ್ಪಲಿ ಕೈಯಲ್ಲಿ ಹಿಡಿದು ನಾನು ಹಿಂದೆ ಓಡಿದೆ.

"ನಿಲ್ಲ! ನಿಲ್ಲಲೇ ರಾಣಿ!"

ಹಿಂದಿನಿಂದ ಚಾಚಿ ಏದುಸಿರು ಬಿಡುತ್ತ ಕೂಗಿದರು. "ಅದಕ್ಕ ಕನ್ನಡ ಬರಂಗಿಲ್ಲ ಬೇಟಿ! ಮಿರಜದ್ದು ಅದು!"

"ಥಾಂಬ್! ಅಗೋ ಥಾಂಬ್!" ಎಂದು ಮರಾಠಿಯಲ್ಲಿ ಕಿರುಚಿದೆ. ಗಡಿ ಭಾಗದಲ್ಲಿ ಬೆಳೆದ ನನಗೆ ಎರಡೂ ಭಾಷೆ ಬರುತ್ತವೆ. ರಾಣಿಯೂ ಯಾವ ಭೇದಭಾವ ಮಾಡದೆ ಎರಡನ್ನೂ ಸಮಾನವಾಗಿ ಕಡೆಗಣಿಸಿತು.

ಕಬ್ಬಿನ ಹೊಲದ ಅಂಚಿನಲ್ಲಿ ನೀರಿನ ಕಾಲುವೆ ಬಂತು. ಎಮ್ಮೆ ಅದನ್ನು ಜಿಗಿಯಿತು. ನಾನೂ ಜಿಗಿದೆ. ಎಮ್ಮೆ ಆಚೆ ದಂಡೆಗೆ ಬಿತ್ತು, ನಾನು ಕಾಲುವೆಯೊಳಗೆ!

ಕೆಸರಿನಿಂದ ಎದ್ದು ಹೊಳೆಯ ದಂಡೆಗೆ ಮುಟ್ಟುವಷ್ಟರಲ್ಲಿ ರಾಣಿ ಕೃಷ್ಣೆಯಲ್ಲಿ ಹೊಟ್ಟೆಯವರೆಗೆ ಇಳಿದು ನಿಂತಿತ್ತು. ಬೆನ್ನ ಮೇಲಿನ ಟ್ಯಾಬಿಗೂ ನೀರಿಗೂ ಒಂದು ಗೇಣು ಅಂತರ. ಇನ್ನು ಅದು ಕಾಲು ಮಡಚಿ ಕುಳಿತರೆ ಟ್ಯಾಬು ಹೊಳೆಪಾಲು, ನನ್ನ ಸಹಿ ಆಫೀಸಿನ ಪಾಲು. ಕೂಗಲು ಬಾಯಿ ಬಾರದು, ಇಳಿಯಲು ಈಜು ಬಾರದು.

ಅಷ್ಟರಲ್ಲಿ ಚಾಚಿ ಬಂದರು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಊಟಕ್ಕೆ ಕರೆಯುವಷ್ಟೇ ಮೆಲ್ಲಗೆ, "ಆಜಾ ರಾಣಿ, ಆಜಾ ಬೇಟಾ" ಎಂದರು.

ಬಂತು! ನಾಚಿಕೆಯಿಲ್ಲದೆ, ಏನೂ ಆಗಿಲ್ಲವೆಂಬಂತೆ, ನೀರು ಸುರಿಸಿಕೊಂಡು ಬಂದು ಚಾಚಿಯ ಹೆಗಲಿಗೆ ಮೂತಿ ಒರೆಸಿತು. ನಾನು ಟ್ಯಾಬು ಬಿಚ್ಚಿಕೊಂಡು ಎದೆಗವಚಿಕೊಂಡೆ. ಒಂದು ಹನಿಯೂ ತಾಗಿರಲಿಲ್ಲ.

ತೆರೆದು ನೋಡಿದರೆ ಆಟೋ ಇನ್ನೂ ನಡೆದೇ ಇತ್ತು. ಮೊದಲ ಫೋಟೋದಲ್ಲಿ ಕೊಟ್ಟಿಗೆಯ ತೊಲೆ. ಆಮೇಲೆ ಎಲ್ಲವೂ ನಾನೇ. ಬಾಯಿ ತೆರೆದ ನಾನು. ಚಪ್ಪಲಿ ಎತ್ತಿದ ನಾನು. ಕಾಲುವೆಯಿಂದ ಮೇಲೆದ್ದಿರುವ ನನ್ನ ಎರಡು ಕಾಲುಗಳು. ಚಾಚಿ ಇಣುಕಿ ನೋಡಿ ದಂಡೆಯ ಮೇಲೇ ಕುಳಿತು ನಕ್ಕರು. ನಾನು ಎಲ್ಲವನ್ನೂ ಅಳಿಸಿ, ಯಾರಿಗೂ ಹೇಳಬಾರದೆಂದು ಅವರಿಂದ ಆಣೆ ಮಾಡಿಸಿಕೊಂಡೆ. ಸಾಕ್ಷಿ ಉಳಿಯಲಿಲ್ಲ ಎಂದು ಆ ರಾತ್ರಿ ನೆಮ್ಮದಿಯ ನಿದ್ದೆಯನ್ನೂ ಮಾಡಿದೆ.

ಮರುವಾರ ರಾಯಬಾಗದಲ್ಲಿ ಸಭೆ. ಎಲ್ಲ ಊರಿನ ಹೆಣ್ಣುಮಕ್ಕಳು ಸೇರಿದ್ದರು. ಕೆಲಸ ಎಷ್ಟು ಚೆಂದ ನಡೆದಿದೆಯೆಂದು ತೋರಿಸಲು ಅದೇ ಸರ್ ಗೋಡೆಯ ಮೇಲೆ ದೊಡ್ಡದಾಗಿ ಒಂದೊಂದೇ ಫೋಟೋ ಬಿಡುತ್ತ ವಿವರ ಓದುತ್ತಿದ್ದರು.

"ಊರು, ದಿಗ್ಗೇವಾಡಿ. ಪ್ರಾಣಿ, ಎಮ್ಮೆ. ಲಿಂಗ, ಹೆಣ್ಣು. ಕೊಂಬು, ಎರಡು. ಸ್ವಭಾವ, ಸಾಧು..."

ಗೋಡೆಯ ತುಂಬ ನಾನು! ಜಡೆ ಬಿಚ್ಚಿದೆ, ಕಣ್ಣು ಕೆಂಡವಾಗಿವೆ, ಚಪ್ಪಲಿ ಆಕಾಶದಲ್ಲಿದೆ.

ನಾನು ಅಳಿಸಿದ್ದು ಟ್ಯಾಬಿನೊಳಗಿನದನ್ನು ಮಾತ್ರ. ಆಫೀಸಿಗೆ ಹೋದದ್ದು ಹೋಗಿಯೇ ಇತ್ತು!

ಸರ್ ಗೋಡೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗೋಡೆ ನೋಡಿದರು. "ಮೇಡಂ, ಫೋಟೋ ಮಾತ್ರ ಭಾಳ ಕ್ಲಿಯರ್ ಬಂದೈತ್ರಿ" ಎಂದರು.

ಆಮೇಲೆ ಎದ್ದ ನಗೆಗೆ ಕಿಟಕಿಯ ಮೇಲಿನ ಪಾರಿವಾಳಗಳು ಹಾರಿಹೋದವು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ, ಅತ್ತೆನೆಂದುಕೊಂಡರೆ ಸುಳ್ಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನೇ.

ತಿದ್ದಲು ಮರುದಿನವೇ ಚಾಚಿಯ ಮನೆಗೆ ಹೋದೆ. ಈ ಸಲ ಬಿಸಿಲಿಗೆ ಕಟ್ಟಿಸಿದೆ. ರಾಣಿ ಕಲ್ಲಿನ ಬಸವಣ್ಣನಂತೆ ನಿಂತಿತು. ಎಂಥ ಫೋಟೋ ಬಂತೆಂದರೆ ಕ್ಯಾಲೆಂಡರಿಗೆ ಹಾಕಬಹುದು! ಕಳಿಸಲು ಒತ್ತಿದೆ. "ಈ ಪ್ರಾಣಿ ಈಗಾಗಲೇ ನೋಂದಣಿಯಾಗಿದೆ" ಎಂದಿತು ಟ್ಯಾಬು. ಸರ್‌ಗೆ ಫೋನ್ ಹಚ್ಚಿದೆ.

"ಅದನ್ನ ಮ್ಯಾಲಿನವರು ತಿದ್ದಬೇಕ್ರಿ ಮೇಡಂ. ಟೈಮ್ ಹಿಡೀತೈತಿ. ಅಲ್ಲೀತನಕ ನೀವ... ಅಂದ್ರ, ಅದ ಫೋಟೋ ಇರತೈತ್ರಿ."

ಇತ್ತು. ಕಾಲುಬಾಯಿ ಬೇನೆಯ ಲಸಿಕೆ ಹಾಕುವವನು ಊರಿಗೆ ಬರುವವರೆಗೂ ಇತ್ತು. ಅವನು ನಮ್ಮ ಕಡೆಗೆ ಹೊಸಬ, ಮನೆಗಳು ಗೊತ್ತಿರಲಿಲ್ಲ. ನಮ್ಮ ಕಟ್ಟೆಯ ಮೇಲೆ ಕುಳಿತ ನನ್ನ ಅತ್ತೆಯ ಮುಂದೆ ತನ್ನ ಟ್ಯಾಬು ಹಿಡಿದು, ತಾನು ಸೂಜಿ ಹುಡುಕುತ್ತಲೇ ಕೇಳಿದ.

"ಆಯಿ, ಈ ಎಮ್ಮಿ ಯಾರ ಮನೀದ್ರಿ?"

ಅತ್ತೆ ಚಸ್ಮಾ ಏರಿಸಿ, ಟ್ಯಾಬನ್ನು ಹತ್ತಿರ ಹಿಡಿದು ನೋಡಿ, ನಿಧಾನವಾಗಿ ಹೇಳಿದರು.

"ನಮ್ಮ ಮನೀದ ಐತೆಪ್ಪಾ. ಒಳಗ ರೊಟ್ಟಿ ಬಡ್ಯಾಕತ್ತೈತಿ. ಕೂಡು, ಕರೀತೀನಿ."