ನಲ್ಲಿಯ ಮುಂದೆ ಇಳಿದ ದೇವಿ

ಈ ಅವಾಂತರಕ್ಕೆಲ್ಲ ಮೂಲ ಒಂದು ತೂಕಡಿಕೆ.

ಉತ್ತರದ ಜಿಲ್ಲೆಗಳಿಂದ ದುಡಿಯಲು ಬಂದವರೇ ತುಂಬಿದ್ದ ಟಿ. ದಾಸರಹಳ್ಳಿಯ ಆ ವಠಾರದಲ್ಲಿ ಭಾನುವಾರವೆಂಬುದು ಗಂಡಸರಿಗೆ ಮಾತ್ರ ಬರುವ ವಾರ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುವ ದೇವಕ್ಕನಿಗೂ, ಅದೇ ಪೀಣ್ಯದಲ್ಲಿ ಕಬ್ಬಿಣ ಕಡೆಯುವ ಲೇಥ್ ಶಾಪಿನಲ್ಲಿ ದುಡಿಯುವ ಅವಳ ಗಂಡ ಯಂಕಪ್ಪನಿಗೂ ಆ ಒಂದೇ ದಿನ ರಜೆ. ಯಂಕಪ್ಪ ಆ ರಜೆಯನ್ನು ಹೊದ್ದುಕೊಂಡು ಮಲಗುತ್ತಿದ್ದ. ದೇವಕ್ಕ ನೀರು ಹೊತ್ತು, ವಾರದ ಬಟ್ಟೆ ಒಗೆದು, ರೊಟ್ಟಿ ತಟ್ಟಿ, ಪಾತ್ರೆ ಬೆಳಗಿ, ಸೋಮವಾರ ದಣಿವಾರಿಸಿಕೊಳ್ಳಲು ಕಾರ್ಖಾನೆಗೆ ಹೋಗುತ್ತಿದ್ದಳು. ದುಡಿಮೆ ಇಬ್ಬರದೂ ಆಗಿರುವಾಗ ದಣಿಯುವ ಹಕ್ಕು ಒಬ್ಬನಿಗೇ ಏಕೆ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಕೇಳಬೇಕಾದವಳು ಬಾಯಿ ತೆರೆದರೆ ಆಕಳಿಕೆಯೇ ಬರುತ್ತಿತ್ತು.

ದೇವಕ್ಕನಿಗೆ ಸೀರೆಯ ಆಸೆಯಿರಲಿಲ್ಲ, ಒಡವೆಯ ಆಸೆಯಿರಲಿಲ್ಲ. ಯಾರೂ ಎಬ್ಬಿಸದ ಒಂದು ನಿದ್ದೆ ಬೇಕಿತ್ತು.

ಆ ಭಾನುವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಕೂದಲು ಬಿಟ್ಟುಕೊಂಡು, ಕೊಡವನ್ನು ನಲ್ಲಿಯಡಿ ಇಟ್ಟು ಕಟ್ಟೆಯ ಮೇಲೆ ಕುಳಿತಳು. ನೀರು ಸೂಜಿಗೆ ಪೋಣಿಸುವ ದಾರದಂತೆ ಸಣ್ಣಗೆ ಇಳಿಯುತ್ತಿತ್ತು. ಆ ದಾರವನ್ನೇ ನೋಡುತ್ತ ನೋಡುತ್ತ ಅವಳ ರೆಪ್ಪೆಗಳು ಕೂಡಿಕೊಂಡವು.

ಕನಸಿನಲ್ಲಿ ಸೂಪರ್‌ವೈಸರ್ ಇಲ್ಲದ ಒಂದು ಕಾರ್ಖಾನೆ. ಅವಳು ಹೊಲಿದ ಬಿಳಿಯ ಕಾಲರುಗಳು ಮಷಿನ್ನಿನಿಂದ ಜಾರಿ, ರೆಕ್ಕೆ ಬಡಿದು, ಬೆಳ್ಳಕ್ಕಿಗಳಾಗಿ ತಗಡಿನ ಮಾಡು ದಾಟಿ ಹಾರಿಹೋದವು. ಹಿಂದೆಯೇ ಅವಳೂ ಹಗುರಾಗಿ ಏರಿದಳು. ಮೇಲೊಂದು ಮೋಡವಿತ್ತು, ಅದರ ನಡುವೆ ಅವಳ ಮೈಯಳತೆಗೇ ತೋಡಿಟ್ಟಂತೆ ಒಂದು ಮಲಗುವ ಜಾಗ. ಆದರೆ ಅಭ್ಯಾಸ ಬಿಡಬೇಕಲ್ಲ! ಮೋಡದ ಮೇಲೂ ಅವಳ ಬಲಗಾಲು ಪೆಡಲ್ ಒತ್ತುತ್ತಿತ್ತು, ಕೈಗಳು ಬಟ್ಟೆಯನ್ನು ಮುಂದೆ ತಳ್ಳುತ್ತಿದ್ದವು.

ಭೂಮಿಯ ಮೇಲೆ ಅದನ್ನು ಮೊದಲು ಕಂಡವಳು ಪಕ್ಕದ ಮನೆಯ ಮರೆವ್ವ.

"ಅಯ್ಯಯ್ಯ! ಲಗೂನ ಬರ್ರಿ ಇಲ್ಲಿ! ದೇವಕ್ಕನ ಕಾಲು ಹೆಂಗ ನಡಗಾಕ ಹತ್ತೇತಿ ನೋಡ್ರಿ!"

ಮರೆವ್ವನ ಗಂಡ ಈರಪ್ಪ ಹಲ್ಲುಪುಡಿಯ ಬಾಯಲ್ಲೇ ಓಡಿಬಂದ. ಚೇಳು ಕಡಿತದಿಂದ ಹಿಡಿದು ಸಂಬಂಧ ಕುದುರಿಸುವವರೆಗೆ ವಠಾರದಲ್ಲಿ ಅವನದೇ ಕೊನೆಯ ಮಾತು. ತೂಗುವ ತಲೆ, ಹಾರುವ ಕೂದಲು, ಅದುರುವ ಕಾಲು ನೋಡಿ ಅವನು ಕೈ ಮುಗಿದೇಬಿಟ್ಟ.

"ನಡುಕಲ್ಲ ಇದು. ತಾಯಿ ಮೈಮ್ಯಾಲೆ ಬಂದಾಳ!"

ಮರೆವ್ವ ಹೆದರುತ್ತಲೇ ಭುಜ ಮುಟ್ಟಿದಳು. ಸೂಪರ್‌ವೈಸರ್ ಮೋಡಕ್ಕೂ ಬಂದನೆಂದುಕೊಂಡ ದೇವಕ್ಕ ಗುಡುಗಿದಳು: "ಎಬ್ಬಿಸಿದರ ನೋಡ್ರಿ ಮತ್ತ! ಯಾರೂ ನನ್ನ ಮುಟ್ಟಬ್ಯಾಡ್ರಿ!"

"ತಪ್ಪಾತವ್ವಾ!" ಈರಪ್ಪ ಗಲ್ಲ ಬಡಿದುಕೊಂಡ. "ಏನ ಬೇಕು ಹೇಳು."

"ಹಾಸಿಗಿ."

ತನ್ನ ಗುಡುಗಿಗೆ ತಾನೇ ಎಚ್ಚೆತ್ತಿದ್ದ ದೇವಕ್ಕ ರೆಪ್ಪೆಯ ಸಂದಿನಿಂದ ನೋಡಿದಳು. ಸುತ್ತ ನೆರೆದವರ ಮುಗಿದ ಕೈಗಳ ಸಾಲಿನಲ್ಲಿ ಒಂದು ಜೊತೆ ಯಂಕಪ್ಪನವು; ಇಂದಿನವರೆಗೆ ಒಂದು ಚೆಂಬನ್ನೂ ಎತ್ತದ ಕೈಗಳು. ದೇವಕ್ಕ ಸುಳ್ಳು ಹೇಳುವವಳಲ್ಲ. ಈಗಲೂ ಹೇಳಲಿಲ್ಲ, ಕಣ್ಣು ಮುಚ್ಚಿಕೊಂಡಳು, ಅಷ್ಟೆ.

"ನೀರು ಯಾರು ತುಂಬಬೇಕವ್ವಾ?" ಎಂದ ಈರಪ್ಪ.

"ಗಂಡ."

"ಅಡಿಗಿ?"

"ಗಂಡ."

"ಬಟ್ಟಿ ಒಗ್ಯಾದು?"

ಇಷ್ಟು ಹೇಳಿದ ಮೇಲೂ ಕೇಳುವ ಭಕ್ತನಿಗೆ ದೇವಿ ಬಾಯಿಂದ ಉತ್ತರಿಸಲಿಲ್ಲ. ಯಂಕಪ್ಪನತ್ತ ಬೆರಳು ತೋರಿಸಿದಳು.

ಅವಳನ್ನು ಮನೆಯೊಳಗೆ ಒಯ್ದು ಚಾಪೆಯ ಮೇಲೆ ಮಲಗಿಸಿದರು. ಯಂಕಪ್ಪ ಕಾಲೊತ್ತಿದ, ನೀರು ಹೊತ್ತ, ಒಲೆ ಹಚ್ಚಿದ. ಅವನ ರೊಟ್ಟಿ ಕಲಿಯುವವನು ಲೇಥಿಗೆ ಕೊಟ್ಟ ಕಬ್ಬಿಣದಂತೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಅನ್ನ ತಳ ಹಿಡಿದ ವಾಸನೆ ಕನಸಿನೊಳಗೂ ಬಂತು. ದೇವಕ್ಕ ಮೋಡದ ಮೇಲೆ ಮಗ್ಗುಲು ಬದಲಿಸಿದಳು.

ಹೆಂಡತಿ ದಣಿದಿದ್ದೇನೆಂದರೆ ನಗುವವನು, ಅದೇ ಮೈಗೆ ದೇವಿ ಬಂದಳೆಂದರೆ ಪಾದ ಹಿಡಿಯುತ್ತಾನೆ. ಮನುಷ್ಯರಿಗೆ ಸಲ್ಲಬೇಕಾದ ವಿಶ್ರಾಂತಿಯನ್ನು ಪಡೆಯಲು ಹೆಣ್ಣು ದೇವತೆಯೇ ಆಗಬೇಕೆಂಬ ಈ ನ್ಯಾಯಕ್ಕೆ ನಾಚಿಕೆಯಾದರೂ ಇರಬೇಡವೇ?

ವಠಾರದ ಹೆಂಗಸರು ತಂತಮ್ಮ ಹೊಸ್ತಿಲಲ್ಲಿ ನಿಂತು, ಯಂಕಪ್ಪ ಸೀರೆ ಹಿಂಡುವುದನ್ನು ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಪಾತ್ರೆ ತಿಕ್ಕುತ್ತಿದ್ದ ಮರೆವ್ವನ ಕೈಯಿಂದ ತಾಟು ಬಿತ್ತು. ಕೂದಲು ಬಿಚ್ಚಿಕೊಂಡಿತು.

"ನಾ ಆ ತಾಯಿ ಅಕ್ಕ ಬಂದೀನಿ!"

"ಏ ಮರೆವ್ವಾ, ಆಟ ಆಡಬ್ಯಾಡ," ಎಂದ ಈರಪ್ಪ.

"ಯಾರಿಗಿ ಮರೆವ್ವ ಅಂತಿಯೋ ಮಗನ! ಹಾಸು ಚಾಪಿ!"

ಬೆಳಿಗ್ಗೆ ತಾನೇ ಕೊಟ್ಟ ತೀರ್ಪನ್ನು ಈರಪ್ಪ ಹೇಗೆ ಹಿಂದೆಗೆದಾನು? ಚಾಪೆ ಹಾಸಿದ. ಎದುರು ಮನೆಯಿಂದ ಲಕ್ಷ್ಮವ್ವ ಕೂಗಿದಳು: "ತಂಗಿನೂ ಬಂದೀನಿ!" ಆಮೇಲೆ ತಡೆಯುವವರಿರಲಿಲ್ಲ. ನಡುಹಗಲಾಗುವ ಹೊತ್ತಿಗೆ ನಿಂತಿರುವ ಹೆಂಗಸೊಬ್ಬಳೂ ವಠಾರದಲ್ಲಿ ಉಳಿಯಲಿಲ್ಲ. ಅಂಗಳದ ಸಾಲು ಚಾಪೆಗಳ ಮೇಲೆ ಉಸಿರು ಒಂದೇ ಲಯದಲ್ಲಿ ಏರಿ ಇಳಿಯುತ್ತಿತ್ತು. ತಂತಿಯ ಮೇಲಿನ ಸೀರೆಗಳ ಬಣ್ಣ ಮಲಗಿದವರ ಮುಖದ ಮೇಲೆ ಮೆಲ್ಲಗೆ ಅಲೆಯುತ್ತಿತ್ತು. ನಲ್ಲಿಯೂ ಮಲಗಿತ್ತು.

ಗಂಡಸರು ಯಂಕಪ್ಪನ ಅನ್ನವನ್ನೇ ನೈವೇದ್ಯಕ್ಕೆ ತಂದರು. ಮರೆವ್ವನ ದೇವಿ ಒಂದು ತುತ್ತು ತಿಂದು ಉಗುಳಿದಳು.

"ಇದನ್ನ ಉಂಡರ ದೇವರರ ಉಳಿತಾವೇನೋ? ಹೋಳಿಗಿ ಆಗಬೇಕು. ಗಂಡಸರು ಕೈ ಹಚ್ಚಬಾರದು. ಹೆಣ್ಣಮಗಳ ಕೈಲೇ ಆಗಬೇಕು!"

"ಹೆಣ್ಣಮಕ್ಕಳು ಎಲ್ಲಿ ಉಳದಾರವ್ವಾ? ಎಲ್ಲಾರೂ ನೀವ ಆಗೀರಿ!" ಈರಪ್ಪ ಅಳುವುದೊಂದು ಬಾಕಿ.

ಆಗ ದೇವಕ್ಕನ ಮನೆಯ ಬಾಗಿಲು ಕಿರುಗುಟ್ಟಿತು. ಕಣ್ಣಲ್ಲಿ ಇನ್ನೂ ಮೋಡ ತುಂಬಿಕೊಂಡಿದ್ದ ದೇವಕ್ಕ, ಕೈಯಲ್ಲೊಂದು ಚೆಂಬು ಹಿಡಿದು, ವಠಾರದ ತುದಿಯ ಸಂಡಾಸಿಗೆ ಹೋದಳು, ಬಂದಳು. ಗಂಡಸರೆಲ್ಲರ ಕಣ್ಣೂ ಅವಳ ಜೊತೆ ಹೋಗಿ ಬಂದವು.

ಈರಪ್ಪನ ಮುಖ ಅರಳಿತು. "ತಾಯಿ ಎಲ್ಲ್ಯಾರ ಸಂಡಾಸಕ್ಕ ಹೋಗ್ತಾಳೇನ್ರೋ? ದೇವಕ್ಕನ ಮೈಯಿಂದ ಇಳದಾಳ! ಒಂದು ಹೆಣ್ಣು ಖಾಲಿ ಐತಿ!"

ಯಂಕಪ್ಪ ಸೌಟನ್ನು ಅವಳ ಕೈಗಿತ್ತ. "ಸದ್ಯ ಬಂದ್ಯಲ್ಲ. ಬ್ಯಾಳಿ ತಂದೀನಿ, ಲಗೂನ ಕುದಸು. ನನಗ ಭಾಳ ಸಾಕಾಗೇತಿ, ಒಂದೀಟು ಅಡ್ಡಾಗ್ತೀನಿ." ಅವಳ ಮೈಯ ಬಿಸಿ ಇನ್ನೂ ಆರದ ಚಾಪೆಯ ಮೇಲೆ ಅವನು ಮಲಗಿಬಿಟ್ಟ.

ದೇವಕ್ಕ ಮರೆವ್ವನ ಕಿವಿಯ ಬಳಿ ಬಾಗಿದಳು. "ಮರೆವ್ವಕ್ಕಾ, ನೀನರ ಏಳು. ಇಷ್ಟು ಮಂದಿಗೆ ನಾ ಒಬ್ಬಾಕಿನ ಹೆಂಗ ಮಾಡ್ಲಿ?"

ಮರೆವ್ವ ಒಂದೇ ಕಣ್ಣು ತೆರೆದಳು. ಅದರಲ್ಲಿ ಕನಿಕರವಿತ್ತು, ಕನಿಕರಕ್ಕಿಂತ ನಿದ್ದೆ ಹೆಚ್ಚಿತ್ತು. "ನನಗೂ ಎಷ್ಟು ವರ್ಸದ ನಿದ್ದಿ ಬಾಕಿ ಐತಿ ತಂಗಿ," ಎಂದು ಪಿಸುಗುಟ್ಟಿದಳು. "ತುಪ್ಪ ಮಾತ್ರ ಕೈಬಿಚ್ಚಿ ಹಾಕು." ಕಣ್ಣು ಮುಚ್ಚಿತು.

ಸಂಜೆಯ ಬಿಸಿಲು ವಾಲಿದರೂ ಹೋಳಿಗೆ ಮುಗಿಯಲಿಲ್ಲ. ಕಣಕ ನಾದುತ್ತ ನಾದುತ್ತ ದೇವಕ್ಕನ ಕಣ್ಣು ಎಳೆಯಿತು. ಬೆಳ್ಳಕ್ಕಿಯೊಂದು ಒಲೆಯ ಹೊಗೆಯಲ್ಲಿ ಸುಳಿಯಿತು. ಬಲಗಾಲು ತಾನಾಗಿಯೇ ಅದುರತೊಡಗಿತು.

ಒಲೆಯ ಪಕ್ಕದ ಚಾಪೆಯ ಮೇಲೆ ಯಂಕಪ್ಪ ಮಗ್ಗುಲಾಗುತ್ತ ಗೊಣಗಿದ: "ಏ, ಕಾಲು ಅಳ್ಳಾಡಿಸಬ್ಯಾಡಲೇ. ನಿದ್ದಿ ಕೆಡತೈತಿ."